ಸೆರಗಿನ ತುದಿಯ ಗಂಟು

ಹಿಂದಿನ ತಲೆಮಾರಿನ ಹೆಂಗಸರಲ್ಲಿ ಒಂದು ರೂಢಿ ಇತ್ತು. ಸಂಜೆಯೊಳಗೆ ಮಾಡಲೇಬೇಕಾದ ಕೆಲಸವೊಂದು ಬೆಳಿಗ್ಗೆ ನೆನಪಾದರೆ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ಗಂಡಸರು ಹೆಗಲ ಮೇಲಿನ ವಲ್ಲಿಯ ಚುಂಗಿಗೆ ಗಂಟು ಬಿಗಿಯುತ್ತಿದ್ದರು. ಕೈ ಒರೆಸಲು ಸೆರಗು ಹಿಡಿದಾಗಲೆಲ್ಲ ಅದು ಬೆರಳಿಗೆ ತಗಲುತ್ತಿತ್ತು. ‘ಏನೋ ಒಂದು ಬಾಕಿ ಉಳಿದಿದೆಯಲ್ಲ’ ಎಂದು ಮನಸ್ಸು ಎಚ್ಚರಗೊಳ್ಳುತ್ತಿತ್ತು. ಕೆಲಸ ಮುಗಿದ ಮೇಲಷ್ಟೇ ಗಂಟು ಬಿಚ್ಚುವುದು ನಿಯಮ.

ಗಂಟಿನೊಳಗೆ ಯಾವ ಮಾಹಿತಿಯೂ ಇರುವುದಿಲ್ಲ. ಬಾಣಂತಿಗೆ ಕಷಾಯದ ಸಾಮಾನು ತರಬೇಕೋ, ನೆರೆಮನೆಯ ಸಾಲ ತೀರಿಸಬೇಕೋ ಎಂಬುದನ್ನು ಅದು ಹೇಳಲಾರದು. ಮರೆಯಬೇಡ ಎಂದಷ್ಟೇ ಹೇಳುತ್ತದೆ. ಆದರೆ ಬಹಳ ಸಲ ಬೇಕಾಗುವುದೂ ಅಷ್ಟೇ. ನಾವು ಸಾಮಾನ್ಯವಾಗಿ ಮರೆಯುವುದು ವಿಷಯವನ್ನಲ್ಲ, ವಿಷಯವನ್ನು ನೆನೆಯಬೇಕಾದ ಹೊತ್ತನ್ನು. ಅಂಗಡಿಯಿಂದ ಬರಿಗೈಯಲ್ಲಿ ಬಂದವರಿಗೆ ‘ಏನು ತರಲು ಹೇಳಿದ್ದೆ?’ ಎಂದು ಕೇಳಿ ನೋಡಿ. ತಕ್ಷಣ ಉತ್ತರ ಬರುತ್ತದೆ. ಅಂಗಡಿಯ ಮುಂದೆ ನಿಂತಾಗ ಅದು ಹೊಳೆದಿರುವುದಿಲ್ಲ, ಅಷ್ಟೆ.

ಇದೇ ಗಂಟನ್ನು ಒಂದು ಇಡೀ ಆಡಳಿತದ ಮಟ್ಟಕ್ಕೆ ಏರಿಸಿದವರೂ ಉಂಟು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆಯನ್ನು ಆಳಿದ ಇಂಕಾ ಜನರಲ್ಲಿ ನಮ್ಮಲ್ಲಿರುವಂಥ ಬರವಣಿಗೆ ಇರಲಿಲ್ಲ. ಅವರು ಹುರಿದಾರಗಳ ಗೊಂಚಲಿಗೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಇದಕ್ಕೆ ‘ಕಿಪು’ ಎಂದು ಹೆಸರು. ದಾರದ ಮೇಲೆ ಗಂಟು ಇರುವ ಜಾಗಕ್ಕೆ ತಕ್ಕಂತೆ ಅದು ಬಿಡಿಯೋ ಹತ್ತೋ ನೂರೋ ಆಗುತ್ತಿತ್ತು. ಜನಗಣತಿ, ಕಂದಾಯ, ಉಗ್ರಾಣದ ದಾಸ್ತಾನುಗಳೆಲ್ಲ ದಾರದಲ್ಲೇ ನಡೆದವು. ಸೆರಗಿನ ಗಂಟಾಗಲಿ ಇಂಕಾ ಗಂಟಾಗಲಿ ಮಾಡುವ ಕೆಲಸ ಒಂದೇ. ತಲೆಯ ಮೇಲಿನ ಹೊರೆಯನ್ನು ಇಳಿಸಿ ಕಣ್ಣಿಗೆ ಕಾಣುವ, ಕೈಗೆ ತಗಲುವ ವಸ್ತುವೊಂದಕ್ಕೆ ವಹಿಸುವುದು. ಮನೆಯಲ್ಲೂ ಕಚೇರಿಯಲ್ಲೂ ಕೆಲಸ ಹಗುರಾಗಿಸುವ ಸಣ್ಣಪುಟ್ಟ ರೂಢಿಗಳನ್ನು ಗಮನಿಸಿದರೆ, ಅವುಗಳಲ್ಲಿ ಮುಕ್ಕಾಲು ಪಾಲು ಈ ಜಾತಿಗೇ ಸೇರಿದವು.

ತಲೆಯ ಅಳತೆ

ಹೀಗೆ ಹೊರೆ ಇಳಿಸಬೇಕಾದದ್ದು ಏಕೆ? ನಮ್ಮ ನೆನಪಿನ ಉಗ್ರಾಣ ದೊಡ್ಡದೇನೋ ಹೌದು; ಐವತ್ತು ವರ್ಷದ ಹಿಂದಿನ ಮದುವೆಯ ಊಟವನ್ನೂ ಅದು ಕಾಪಾಡಿಟ್ಟಿರುತ್ತದೆ. ಆದರೆ ಈ ಕ್ಷಣ ಮನಸ್ಸಿನ ಮುಂದೆ ಹಿಡಿದಿಟ್ಟುಕೊಳ್ಳಬಹುದಾದ ಸಂಗತಿಗಳು ಬೆರಳೆಣಿಕೆಯಷ್ಟು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಹೆಸರಾಂತ ಪ್ರಬಂಧದಲ್ಲಿ ಈ ಮಿತಿ ಸುಮಾರು ಏಳು ಎಂದಿದ್ದರು. ಅನಂತರದ ಸಂಶೋಧಕರು ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದ್ದಾರೆ. ಒಲೆಯ ಮೇಲೆ ಹಾಲು, ಸ್ನಾನಕ್ಕೆ ಹೋದ ಮಗು, ಬಾಗಿಲಲ್ಲಿ ಹೂವಿನವಳು, ಕೈಯಲ್ಲಿ ಫೋನು, ಅಲ್ಲಿಗೆ ನಾಲ್ಕು ತುಂಬಿತು. ಐದನೆಯದು ಒಳಗೆ ಬಂದರೆ ಮೊದಲಿನ ಒಂದು ಹೊರಗೆ ಹೋಗಲೇಬೇಕು. ಸಾಧಾರಣವಾಗಿ ಹೋಗುವುದು ಹಾಲು.

ಹಾಲು ಉಕ್ಕಿದಾಗ ‘ನಿನಗೆ ಗಮನ ಇಲ್ಲ’ ಎಂದು ಬೈಯುವುದು ವಾಡಿಕೆ. ಆದರೆ ಗಮನ ಎಂಬುದು ಬೈದರೆ ಹೆಚ್ಚುವ ವಸ್ತುವಲ್ಲ. ಅದರ ಪ್ರಮಾಣ ಇಷ್ಟೇ ಎಂದು ಒಪ್ಪಿಕೊಂಡು, ಉಳಿದುದಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳುವುದು ಜಾಣತನ. ಅಂಥ ಏರ್ಪಾಡುಗಳು ಮುಖ್ಯವಾಗಿ ಐದು ಬಗೆ: ಜಾಗ, ಗುರುತು, ದನಿ, ಕ್ರಮ ಮತ್ತು ಪಟ್ಟಿ.

ಜಾಗ

ಒಗ್ಗರಣೆ ಡಬ್ಬಿ ಇಲ್ಲದ ಕನ್ನಡದ ಅಡುಗೆಮನೆ ಅಪರೂಪ. ದುಂಡನೆಯ ಡಬ್ಬಿ, ಒಳಗೆ ಐದಾರು ಬಟ್ಟಲು, ಒಂದು ಪುಟ್ಟ ಚಮಚ. ಸಾಸಿವೆ, ಜೀರಿಗೆ, ಉದ್ದಿನಬೇಳೆ, ಮೆಂತ್ಯ, ಒಣಮೆಣಸಿನಕಾಯಿ ಎಲ್ಲವೂ ಒಂದೇ ಕಡೆ. ಇದರ ಹಿಂದಿನ ತರ್ಕ ಒಗ್ಗರಣೆಯ ಸ್ವಭಾವದಲ್ಲೇ ಇದೆ. ಕಾದ ಎಣ್ಣೆಗೆ ಬಿದ್ದ ಸಾಸಿವೆ ಕೆಲವೇ ಕ್ಷಣಗಳಲ್ಲಿ ಸಿಡಿಯುತ್ತದೆ. ಅದರ ಬೆನ್ನಿಗೇ ಉದ್ದಿನಬೇಳೆ ಹೋಗಬೇಕು, ಅದು ಕೆಂಪಾಗುವಷ್ಟರಲ್ಲಿ ಮೆಣಸಿನಕಾಯಿ, ಇಂಗು, ಕರಿಬೇವು. ನಡುವೆ ಕಪಾಟಿನಲ್ಲಿ ಡಬ್ಬಿ ಹುಡುಕುತ್ತ ನಿಂತರೆ ಎಲ್ಲ ಸೀದು ಕರಿಕಲು. ಅಡುಗೆಯವರ ಕೈ ನೋಡದೆಯೇ ಸರಿಯಾದ ಬಟ್ಟಲಿಗೆ ಹೋಗುತ್ತದಲ್ಲ, ಅದು ಡಬ್ಬಿಯ ಮಹಿಮೆ. ಬಟ್ಟಲುಗಳ ಜಾಗ ಬದಲಿಸಿಟ್ಟ ಸೊಸೆಯ ಮೇಲೆ ಅತ್ತೆ ಸಿಡುಕಿದರೆ ಅದರಲ್ಲಿ ಸ್ವಲ್ಪ ನ್ಯಾಯವೂ ಉಂಟು.

ಇದೇ ವಿಷಯವನ್ನು ಶಾಸ್ತ್ರವಾಗಿ ಬೆಳೆಸಿದವರು ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ. ಫ್ರಾಂಕ್ ಮೂಲತಃ ಇಟ್ಟಿಗೆ ಕಟ್ಟುವ ಕೆಲಸಗಾರ. ಒಂದು ಇಟ್ಟಿಗೆ ಇಡಲು ಗಾರೆಯವನು ಹದಿನೆಂಟು ಸಲ ಮೈಕೈ ಆಡಿಸುತ್ತಾನೆ, ಪ್ರತಿ ಇಟ್ಟಿಗೆಗೂ ನೆಲದವರೆಗೆ ಬಾಗುತ್ತಾನೆ ಎಂಬುದನ್ನು ಆತ ಲೆಕ್ಕ ಹಾಕಿದ. ಇಟ್ಟಿಗೆ ಮತ್ತು ಗಾರೆ ಸೊಂಟದ ಎತ್ತರಕ್ಕೆ ಬರುವಂತೆ ಅಟ್ಟಣೆಯನ್ನು ಮಾರ್ಪಡಿಸಿದಾಗ ಚಲನೆಗಳು ಐದಕ್ಕೆ ಇಳಿದವು. ಕೆಲಸದ ವೇಗ ಎರಡು ಪಟ್ಟಿಗೂ ಮೀರಿತು, ಬೆನ್ನುನೋವು ಕಡಿಮೆಯಾಯಿತು. 1924ರಲ್ಲಿ ಗಂಡ ತೀರಿಕೊಂಡ ಮೇಲೆ, ದೊಡ್ಡ ಸಂಸಾರದ ಹೊಣೆ ಹೊತ್ತ ಲಿಲಿಯನ್ ಈ ವಿದ್ಯೆಯನ್ನು ಅಡುಗೆಮನೆಗೆ ತಂದರು. 1929ರಲ್ಲಿ ಅವರು ರೂಪಿಸಿದ ಮಾದರಿ ಅಡುಗೆಮನೆಯಲ್ಲಿ, ಒಂದು ಬಗೆಯ ಕೇಕು ಮಾಡಲು ಇಡಬೇಕಾಗಿದ್ದ ಹೆಜ್ಜೆಗಳು 281ರಿಂದ 45ಕ್ಕೆ ಇಳಿದವು. ಒಟ್ಟಿಗೆ ಬಳಸುವ ಸಾಮಾನು ಒಟ್ಟಿಗೆ ಇರಬೇಕು ಎಂಬುದೇ ಅದರ ಗುಟ್ಟು.

ಮನೆಯ ಮಟ್ಟಿಗೆ ಇದರ ಅರ್ಥ ಸರಳ. ವಸ್ತುವಿನ ಜಾಗ ಅದನ್ನು ಕೊಂಡ ಜಾತಿಯ ಪ್ರಕಾರವಲ್ಲ, ಬಳಸುವ ಹೊತ್ತಿನ ಪ್ರಕಾರ ಇರಬೇಕು. ಕೊಡೆ ಬೀರುವಿನಲ್ಲಲ್ಲ, ಬಾಗಿಲ ಬಳಿ. ಬೀಗದ ಕೈಗೆ ಒಂದೇ ಮೊಳೆ. ಆ ಮೊಳೆಗೆ ಬೇರೇನೂ ನೇತುಹಾಕಬಾರದು. ನಾಳೆ ಒಯ್ಯಬೇಕಾದ ಕಾಗದ ಮೇಜಿನ ಮೇಲಿದ್ದರೆ ಮರೆಯುತ್ತದೆ, ಚಪ್ಪಲಿಯ ಮೇಲಿದ್ದರೆ ಮರೆಯುವುದಿಲ್ಲ.

ಗುರುತು

ಹಾಲಿನವನ ಲೆಕ್ಕವನ್ನು ಕ್ಯಾಲೆಂಡರಿನ ಮನೆಗಳಲ್ಲಿ ಬರೆದಿಡುವ ಪದ್ಧತಿ ಈಗಲೂ ಅನೇಕ ಮನೆಗಳಲ್ಲಿ ಇದೆ. ಅದಕ್ಕೂ ಮೊದಲು ಬಾಗಿಲ ಹಿಂದೆ ಸೀಮೆಸುಣ್ಣದ ಗೆರೆಗಳಿರುತ್ತಿದ್ದವು. ಅಕ್ಷರ ಬಾರದ ಇಬ್ಬರ ನಡುವೆ ಈ ಗೆರೆಗಳೇ ಕರಾರುಪತ್ರ. ತಿಂಗಳ ಕೊನೆಯಲ್ಲಿ ಮಾತಿಗೆ ಮಾತು ಬೆಳೆಯದಂತೆ ಅವು ಎರಡೂ ಕಡೆಯವರನ್ನು ಕಾಪಾಡುತ್ತಿದ್ದವು.

ದೊಡ್ಡ ಲೆಕ್ಕಗಳಿಗೆ ನಮ್ಮಲ್ಲಿ ಕಡತಗಳಿದ್ದವು. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿ ಸೇರಿಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಪ್ಪು ಪುಸ್ತಕ ಸಿದ್ಧ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಕಡತಗಳು ಇಂದು ಇತಿಹಾಸಕಾರರಿಗೆ ಅಮೂಲ್ಯ ಆಕರ. ಬರೆದವರಿಗೆ ಅಂಥ ಉದ್ದೇಶವೇನೂ ಇರಲಿಲ್ಲ. ಯಾರಿಂದ ಎಷ್ಟು ಬಂತು, ಯಾವುದಕ್ಕೆ ಎಷ್ಟು ಖರ್ಚಾಯಿತು ಎಂಬುದು ಮರೆಯಬಾರದು, ಅಷ್ಟೇ ಅವರ ಕಾಳಜಿ. ಬಟ್ಟೆಯ ಪುಸ್ತಕ ಹೋದರೂ ಹೆಸರು ಉಳಿಯಿತು. ಸರಕಾರಿ ಕಚೇರಿಯ ಫೈಲನ್ನು ಈಗಲೂ ಕಡತ ಎಂದೇ ಕರೆಯುತ್ತೇವೆ.

ಗುರುತಿನ ಶಕ್ತಿ ಎಷ್ಟೆಂಬುದನ್ನು ತೋರಿಸಿಕೊಟ್ಟದ್ದು ರೈಲ್ವೆ. 1874ರ ಸೆಪ್ಟೆಂಬರ್ 10ರಂದು ಇಂಗ್ಲೆಂಡಿನ ನಾರ್ವಿಚ್ ಸಮೀಪದ ಥಾರ್ಪ್ ಎಂಬಲ್ಲಿ, ಒಂಟಿ ಹಳಿಯ ಮೇಲೆ ಎರಡು ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದವು. 25 ಜನ ಸತ್ತರು. ನಿಲ್ದಾಣದ ನೌಕರರ ನಡುವೆ ತಿಳುವಳಿಕೆ ತಪ್ಪಿ, ಎರಡೂ ಗಾಡಿಗಳಿಗೆ ಅನುಮತಿ ಹೋಗಿತ್ತು. ಅನಂತರ ಎಡ್ವರ್ಡ್ ಟೈಯರ್ ಎಂಬಾತ 1878ರಲ್ಲಿ ಒಂದು ಯಂತ್ರವನ್ನು ತಂದ. ಎರಡು ನಿಲ್ದಾಣಗಳಲ್ಲಿ ವಿದ್ಯುತ್ತಿನಿಂದ ಪರಸ್ಪರ ಬೆಸೆದ ಎರಡು ಪೆಟ್ಟಿಗೆಗಳು. ಒಂದು ಬಿಲ್ಲೆ ಹೊರಗಿದ್ದರೆ ಇನ್ನೊಂದು ಬಿಲ್ಲೆ ಯಾವ ಪೆಟ್ಟಿಗೆಯಿಂದಲೂ ಹೊರಬಾರದು. ಬಿಲ್ಲೆ ಕೈಯಲ್ಲಿಲ್ಲದೆ ಚಾಲಕ ಗಾಡಿ ಬಿಡುವಂತಿಲ್ಲ. ಭಾರತದ ಒಂಟಿ ಹಳಿಗಳಲ್ಲಿ ಇದರದೇ ಬಳಗದ ‘ನೀಲ್ಸ್ ಬಾಲ್ ಟೋಕನ್’ ದಶಕಗಳ ಕಾಲ ನಡೆಯಿತು. ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಲೋಹದ ಚೆಂಡು. ಓಡುವ ಎಂಜಿನ್ನಿನಿಂದ ಕೈಚಾಚಿ ಅದನ್ನು ಎತ್ತಿಕೊಳ್ಳುವ ದೃಶ್ಯ ಹಳೆಯ ಪ್ರಯಾಣಿಕರಿಗೆ ನೆನಪಿದ್ದೀತು. ‘ಹಳಿ ಖಾಲಿ ಇದೆಯೇ?’ ಎಂಬ ಪ್ರಶ್ನೆಯನ್ನು ಯಾರ ನೆನಪಿಗೂ ಬಿಡದೆ ಒಂದು ಚೆಂಡಿಗೆ ವಹಿಸಿದ್ದು ಅದರ ಹಿರಿಮೆ.

1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿ ಹೋಟೆಲುಗಳ ಚೀಟಿಯೂ ಇದೇ ತತ್ತ್ವದ್ದು. ಹಣ ಕೊಟ್ಟಿದ್ದೀರೋ ಇಲ್ಲವೋ ಎಂಬುದನ್ನು ದೋಸೆ ಹೊಯ್ಯುವವನು ನೆನಪಿಡಬೇಕಿಲ್ಲ, ಚೀಟಿ ಹೇಳುತ್ತದೆ. ಮನೆಯಲ್ಲಿ ವಯಸ್ಸಾದವರಿಗೆ ಏಳು ದಿನಗಳ ಮನೆಗಳಿರುವ ಮಾತ್ರೆ ಡಬ್ಬಿ ತಂದುಕೊಟ್ಟರೆ ಅದೂ ಟೋಕನ್ ವ್ಯವಸ್ಥೆಯೇ. ಬುಧವಾರದ ಮನೆ ಖಾಲಿ ಇದ್ದರೆ ಮಾತ್ರೆ ಹೊಟ್ಟೆ ಸೇರಿದೆ. ‘ತಗೊಂಡ್ರಾ?’ ‘ತಗೊಂಡೆ ಅನ್ಸತ್ತೆ’ ಎಂಬ ಸಂದೇಹಕ್ಕೆ ಎಡೆಯಿಲ್ಲ. ರಕ್ತದೊತ್ತಡದ, ಸಕ್ಕರೆಯ ಮಾತ್ರೆಗಳ ವಿಷಯದಲ್ಲಿ ಈ ‘ಅನ್ಸತ್ತೆ’ ಅಪಾಯಕಾರಿ. ಎರಡು ಸಲ ನುಂಗಿದರೂ ಕಷ್ಟ, ಬಿಟ್ಟರೂ ಕಷ್ಟ.

ದನಿ

ಕಣದಲ್ಲಿ ಭತ್ತ, ರಾಗಿ ಅಳೆಯುವಾಗ ನಮ್ಮ ರೈತರು ‘ಒಂದು’ ಎಂದು ಎಣಿಕೆ ಶುರುಮಾಡುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು. ಶುಭಾರಂಭವಾಗಲಿ ಎಂಬ ಆಶಯ ಅದರಲ್ಲಿದೆ. ಆದರೆ ಎಣಿಕೆಯನ್ನು ಎಲ್ಲರಿಗೂ ಕೇಳುವಂತೆ, ರಾಗವಾಗಿ ಕೂಗಿ ಹೇಳುತ್ತಿದ್ದುದಕ್ಕೆ ಇನ್ನೊಂದು ಪ್ರಯೋಜನವೂ ಇತ್ತು. ಅಳೆಯುವವನ ತಪ್ಪು ಪಕ್ಕದವನ ಕಿವಿಗೆ ಬೀಳುತ್ತಿತ್ತು. ಒಡೆಯ, ಗೇಣಿದಾರ, ಕೂಲಿಯಾಳು ಎಲ್ಲರೂ ಒಂದೇ ಎಣಿಕೆಗೆ ಸಾಕ್ಷಿಯಾಗುತ್ತಿದ್ದರು. ಉಡುಪಿ ಹೋಟೆಲಿನ ಮಾಣಿ ‘ಎರಡು ಮಸಾಲೆ, ಒಂದು ಖಾಲಿ, ಮೂರು ಕಾಫಿ’ ಎಂದು ಅಡುಗೆಮನೆಯ ಕಡೆಗೆ ಕೂಗುತ್ತಿದ್ದುದೂ ಹೀಗೆಯೇ. ಗಿರಾಕಿಯ ಎದುರೇ ಕೂಗುವುದರಿಂದ, ತಪ್ಪಿದ್ದರೆ ಅಲ್ಲೇ ತಿದ್ದುಪಡಿ.

ಜಪಾನಿನ ರೈಲ್ವೆ ನೌಕರರು ಇದನ್ನೊಂದು ಶಿಸ್ತಾಗಿ ಬೆಳೆಸಿದ್ದಾರೆ. ಚಾಲಕ ಒಬ್ಬನೇ ಇದ್ದರೂ ಸಂಕೇತ ದೀಪದ ಕಡೆಗೆ ಬೆರಳು ತೋರಿಸಿ ‘ಸಂಕೇತ ಹಸಿರು’ ಎಂದು ಗಟ್ಟಿಯಾಗಿ ಹೇಳುತ್ತಾನೆ. ನೋಡಿದವರಿಗೆ ನಗೆ ಬರಬಹುದು. ಆದರೆ ಅಲ್ಲಿನ ರೈಲ್ವೆ ಸಂಶೋಧನ ಸಂಸ್ಥೆ 1994ರಲ್ಲಿ ನಡೆಸಿದ ಪ್ರಯೋಗದಲ್ಲಿ, ಸುಮ್ಮನೆ ಕೆಲಸ ಮಾಡಿದಾಗ ನೂರಕ್ಕೆ 2.38ರಷ್ಟಿದ್ದ ತಪ್ಪುಗಳು, ಬೆರಳು ತೋರಿಸಿ ಕೂಗಿ ಹೇಳಿದಾಗ 0.38ಕ್ಕೆ ಇಳಿದವು. ಭಾರತೀಯ ರೈಲ್ವೆಯಲ್ಲಿ ಚಾಲಕನೂ ಸಹಚಾಲಕನೂ ಸಂಕೇತದ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳಬೇಕೆಂಬ ನಿಯಮವಿದೆ.

ಕಾರಣ ಇಷ್ಟು. ದಿನವೂ ಮಾಡುವ ಕೆಲಸವನ್ನು ಕೈ ತಾನಾಗಿಯೇ ಮಾಡಿ ಮುಗಿಸುತ್ತದೆ. ಮನಸ್ಸು ಬೇರೆಲ್ಲೋ ಇರುತ್ತದೆ. ಹೀಗಾಗಿ ಬಾಗಿಲಿಗೆ ಬೀಗ ಹಾಕಿದ ನೆನಪೇ ದಾಖಲಾಗುವುದಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ‘ಬೀಗ ಹಾಕಿದೆನೇ?’ ಎಂಬ ಕಳವಳ ಶುರು. ಬಾಯಿ ಮಾತಾಡಿದರೆ ಮನಸ್ಸು ಬರಲೇಬೇಕು. ‘ಬೀಗ ಹಾಕಿದೆ, ಗ್ಯಾಸ್ ಆರಿಸಿದೆ’ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ಹೊರಟವರು ಅರ್ಧ ದಾರಿಯಿಂದ ವಾಪಸು ಬರುವುದು ಕಡಿಮೆ.

ಕ್ರಮ

ಮರೆವಿಗೂ ಒಂದು ನಿಯಮ ಉಂಟು. ಕೆಲಸದ ನಡುವಿನ ಭಾಗವನ್ನು ಮರೆಯುವವರು ವಿರಳ. ಮುಖ್ಯ ಉದ್ದೇಶ ಈಡೇರಿದ ಬಳಿಕ ಉಳಿಯುವ ಬಾಲವನ್ನು ಮರೆಯುವವರೇ ಬಹಳ. ಝೆರಾಕ್ಸ್ ಅಂಗಡಿಯಲ್ಲಿ ಪ್ರತಿಗಳನ್ನು ಜೋಪಾನವಾಗಿ ತೆಗೆದುಕೊಂಡು, ಮೂಲ ಅಂಕಪಟ್ಟಿಯನ್ನು ಯಂತ್ರದೊಳಗೆ ಬಿಟ್ಟುಬರುವುದು ಇದಕ್ಕೆ ಉತ್ತಮ ಉದಾಹರಣೆ. ಪ್ರತಿ ಕೈಗೆ ಬಂದ ಕ್ಷಣ ಮನಸ್ಸು ‘ಕೆಲಸ ಆಯಿತು’ ಎಂದು ಅಂಗಡಿ ಮುಚ್ಚುತ್ತದೆ. ಕಾಫಿ ಕುಡಿದ ಮೇಲೆ ಗ್ಯಾಸ್ ರೆಗ್ಯುಲೇಟರ್ ತಿರುಗಿಸುವುದು, ನೀರು ತುಂಬಿದ ಮೇಲೆ ಮೋಟಾರು ನಿಲ್ಲಿಸುವುದು, ಎಲ್ಲಕ್ಕೂ ಇದೇ ಗತಿ.

ಹಣ ಕೊಡುವ ಎಟಿಎಂ ಯಂತ್ರಗಳನ್ನು ತಯಾರಿಸಿದವರು ಇದನ್ನು ಅನುಭವದಿಂದ ಕಲಿತರು. ಆರಂಭದ ಕೆಲವು ಯಂತ್ರಗಳು ಮೊದಲು ಹಣ ಕೊಟ್ಟು ಆಮೇಲೆ ಕಾರ್ಡು ಮರಳಿಸುತ್ತಿದ್ದವು. ಜನ ಹಣ ಎಣಿಸುತ್ತ ಹೊರಟುಹೋಗುತ್ತಿದ್ದರು, ಕಾರ್ಡು ಅಲ್ಲೇ ಉಳಿಯುತ್ತಿತ್ತು. ಹಾಗಾಗಿ ಕ್ರಮ ತಿರುವುಮುರುವಾಯಿತು: ಕಾರ್ಡು ತೆಗೆದುಕೊಂಡ ಹೊರತು ಹಣವಿಲ್ಲ. ಜನರ ಮರೆವು ಹಾಗೆಯೇ ಇತ್ತು. ಮರೆಯುವ ಅವಕಾಶ ಮಾತ್ರ ತಪ್ಪಿತು.

ಈ ಉಪಾಯವನ್ನು ಮನೆಯಲ್ಲೂ ಬಳಸಬಹುದು. ಬಾಲವನ್ನು ತಲೆಗೆ ಕಟ್ಟಿಬಿಡಬೇಕು. ಮೂಲ ಕಾಗದ ಕೈಗೆ ಬಂದ ಮೇಲೆಯೇ ಹಣ ಕೊಡುವುದು. ಪಾತ್ರೆಯನ್ನು ಊಟದ ಮೇಜಿಗೆ ಒಯ್ಯುವ ಮುನ್ನ ಒಲೆಯ ಗುಂಡಿ ಮುಟ್ಟುವುದು. ಹೊಸ ಕೆಲಸವೊಂದನ್ನು ರೂಢಿಸಬೇಕಾದರೆ ಈಗಾಗಲೇ ಬೇರೂರಿದ ಇನ್ನೊಂದಕ್ಕೆ ಅದನ್ನು ಹೊಸೆಯುವುದು ಒಳ್ಳೆಯದು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಇದನ್ನು ಅಧ್ಯಯನ ಮಾಡಿದವರು. ‘ವ್ಯಾಯಾಮ ಮಾಡುತ್ತೇನೆ’ ಎಂದು ಸಂಕಲ್ಪಿಸಿದವರಿಗಿಂತ, ‘ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಇಂಥದು ಆದ ಕೂಡಲೇ ಮಾಡುತ್ತೇನೆ’ ಎಂದು ನಿಗದಿ ಮಾಡಿಕೊಂಡವರು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ ಎಂದು ಅವರು 1999ರಲ್ಲಿ ವಿವರಿಸಿದರು. ನಮ್ಮ ಮನೆಗಳಲ್ಲಿ ಇದು ಮೊದಲಿಂದಲೂ ಇತ್ತು. ಹಾಲಿಗೆ ಹೆಪ್ಪು ಹಾಕುವುದಕ್ಕೆ ಗಡಿಯಾರವಿಲ್ಲ. ರಾತ್ರಿ ಅಡುಗೆಮನೆ ಸಾರಿಸಿ ದೀಪ ಆರಿಸುವ ಮುನ್ನ ಎಂಬುದೇ ಅದರ ಹೊತ್ತು. ಇಡ್ಲಿಯಂತೂ ಕ್ರಮದ ಪಾಠವೇ ಸರಿ. ಮಧ್ಯಾಹ್ನ ಉದ್ದು, ಅಕ್ಕಿ ನೆನೆಯಬೇಕು, ಸಂಜೆ ರುಬ್ಬಬೇಕು, ರಾತ್ರಿಯಿಡೀ ಹುದುಗಬೇಕು. ನಾಳೆಯ ತಿಂಡಿ ಇಂದು ಮಧ್ಯಾಹ್ನವೇ ಶುರುವಾಗುತ್ತದೆ.

ಪಟ್ಟಿ

1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊ ರಾಜ್ಯದ ಡೇಟನ್‌ನಲ್ಲಿ, ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನದ ಪ್ರದರ್ಶನ ನಡೆಯಿತು. ವಿಮಾನ ನೆಲ ಬಿಟ್ಟು ಕಡಿದಾಗಿ ಮೇಲೇರಿ, ಮಗುಚಿ ಬಿತ್ತು. ಇಬ್ಬರು ಪೈಲಟರು ಸತ್ತರು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ನಿಂತಿರುವಾಗ ಗಾಳಿಗೆ ಅಲುಗದಂತೆ ಬಾಲದ ರೆಕ್ಕೆಗಳಿಗೆ ಹಾಕುವ ಬೀಗವನ್ನು ಹಾರುವ ಮುನ್ನ ತೆಗೆಯಲು ಮರೆತಿದ್ದರು. ಚಾಲಕರು ಅನನುಭವಿಗಳೇನಲ್ಲ, ಅತ್ಯಂತ ನುರಿತವರು. ಅಂಥವರೂ ಮರೆತರೆಂದರೆ ಹೆಚ್ಚಿನ ತರಬೇತಿ ಕೊಟ್ಟು ಫಲವಿಲ್ಲ ಎಂದು ಸೇನೆಯ ಪೈಲಟರು ಯೋಚಿಸಿದರು. ಹಾರುವ ಮುನ್ನ, ಹಾರುವಾಗ, ಇಳಿಯುವಾಗ ನೋಡಬೇಕಾದ ಅಂಶಗಳ ಚಿಕ್ಕ ಪಟ್ಟಿ ಮಾಡಿ, ಪ್ರತಿ ಸಲವೂ ಓದಿ ಪರೀಕ್ಷಿಸುವ ರೂಢಿ ತಂದರು. ಬಿ-17 ಎಂದು ಹೆಸರಾದ ಅದೇ ವಿಮಾನವನ್ನು ಮುಂದೆ 12 ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಲಾಯಿತು.

ಪಟ್ಟಿ ಆಸ್ಪತ್ರೆಗೆ ಬರಲು ಇನ್ನೂ ಅರವತ್ತೈದು ವರ್ಷ ಬೇಕಾಯಿತು. 2001ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯ ಪೀಟರ್ ಪ್ರೊನೊವೊಸ್ಟ್, ರೋಗಿಯ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವಾಗ ಪಾಲಿಸಬೇಕಾದ ಐದು ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದರು. ಸಾಬೂನಿನಿಂದ ಕೈ ತೊಳೆಯಬೇಕು, ರೋಗಿಯ ಚರ್ಮವನ್ನು ಔಷಧಿಯಿಂದ ಶುಚಿಮಾಡಬೇಕು ಎಂಬಂಥವು. ವೈದ್ಯರಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಜೊತೆಗೆ ಇನ್ನೊಂದು ಏರ್ಪಾಡೂ ಆಯಿತು. ಯಾವುದಾದರೂ ಅಂಶ ತಪ್ಪಿದರೆ ದಾದಿಯು ವೈದ್ಯನನ್ನು ತಡೆಯಬಹುದು. ಇದನ್ನು ಮಿಚಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಜಾರಿಗೆ ತಂದಾಗ, ಕೊಳವೆಯಿಂದ ಹರಡುವ ರಕ್ತದ ಸೋಂಕು ಗಣನೀಯವಾಗಿ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಪಟ್ಟಿಯನ್ನು ರೂಪಿಸಿತು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ, ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದುದು 2009ರಲ್ಲಿ ಪ್ರಕಟವಾಯಿತು.

ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಇಂಥ ಪಟ್ಟಿಯನ್ನು 101 ಆಸ್ಪತ್ರೆಗಳು ಅಳವಡಿಸಿಕೊಂಡವು. 2014ರ ಅಧ್ಯಯನದ ಪ್ರಕಾರ ಅಲ್ಲಿ ಸಾವುಗಳು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಏಕೆಂಬ ಚರ್ಚೆ ಬಹಳ ನಡೆದಿದೆ. ಮೇಲಿನವರ ಆಜ್ಞೆ ಎಂದು ಬಂದ ಪಟ್ಟಿಗೆ ಗುರುತು ಹಾಕಿ ಮುಗಿಸುವವರೂ ಇರುತ್ತಾರೆ, ಓದಿ ನೋಡುವುದಿಲ್ಲ ಎಂಬುದು ಹಲವರ ಅಭಿಪ್ರಾಯ. ಸರಕಾರಿ ನಮೂನೆಗಳನ್ನು ತುಂಬಿ ಅಭ್ಯಾಸವಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಟು ಕೈಗೆ ತಗಲಿದಾಗ ಮನಸ್ಸು ಎಚ್ಚರಾಗದಿದ್ದರೆ ಗಂಟಿನಿಂದ ಪ್ರಯೋಜನವಿಲ್ಲ.

ಮದುವೆ ಮನೆಯ ಸಾಮಾನು ಪಟ್ಟಿ ನಮ್ಮಲ್ಲಿ ಹೀಗೆ ಸತ್ತುಹೋಗಲಿಲ್ಲ. ಅರಿಸಿನ, ಕುಂಕುಮದಿಂದ ಹಿಡಿದು ಬಾಳೆಲೆಯವರೆಗೆ ಬರೆದ ಆ ಪಟ್ಟಿಯನ್ನು ಹಿರಿಯರೊಬ್ಬರು ಓದುವುದು, ಇನ್ನೊಬ್ಬರು ವಸ್ತುವನ್ನು ಕಣ್ಣಾರೆ ನೋಡಿ ‘ಇದೆ’ ಎನ್ನುವುದು ಪದ್ಧತಿ. ಮುಗಿದ ಮೇಲೂ ಅದನ್ನು ಎಸೆಯುತ್ತಿರಲಿಲ್ಲ. ಮರೆತದ್ದನ್ನು ಕೊನೆಯಲ್ಲಿ ಸೇರಿಸಿ, ಮುಂದಿನ ಮದುವೆಗೆಂದು ಎತ್ತಿಡುತ್ತಿದ್ದರು. ಒಳ್ಳೆಯ ಪಟ್ಟಿಯ ಲಕ್ಷಣಗಳೆಲ್ಲ ಇದರಲ್ಲಿವೆ: ಇಬ್ಬರು ಬೇಕು, ಬಾಯಿಬಿಟ್ಟು ಹೇಳಬೇಕು, ಪ್ರತಿ ಸಲ ತಿದ್ದಬೇಕು.

ಯಾರ ತಲೆ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಕೇಳಿಕೊಳ್ಳಬೇಕು. ಮನೆಯ ನೆನಪು ಈಗ ಇರುವುದು ಯಾರ ತಲೆಯಲ್ಲಿ?

2019ರಲ್ಲಿ ನಡೆದ ಮೊದಲ ದೇಶವ್ಯಾಪಿ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಅದಕ್ಕಾಗಿ ಕಳೆಯುತ್ತಾರೆ. ಅಂಥ ಕೆಲಸಕ್ಕೆ ಕೈ ಹಾಕುವ ಗಂಡಸರೇ ನೂರಕ್ಕೆ 26 ಮಂದಿ. ಇದು ಕೈಯ ಲೆಕ್ಕ. ಸಿಲಿಂಡರು ಯಾವಾಗ ಮುಗಿದೀತು, ಮಗುವಿನ ಚುಚ್ಚುಮದ್ದು ಎಂದು, ಮಾವನವರಿಗೆ ಯಾವ ಮಾತ್ರೆ ಆಗಿಬರುವುದಿಲ್ಲ, ಯಾರ ಮನೆಗೆ ಎಷ್ಟು ಮುಯ್ಯಿ ಮಾಡಬೇಕು ಎಂದು ನೆನಪಿಡುವ ಕೆಲಸ ಯಾವ ನಿಮಿಷದ ಲೆಕ್ಕಕ್ಕೂ ಸಿಗದು. ‘ಹೇಳಿದ್ದರೆ ನಾನೇ ಮಾಡುತ್ತಿದ್ದೆ’ ಎನ್ನುವ ಗಂಡ ಕೈ ಕೊಡಲು ಸಿದ್ಧನಿದ್ದಾನೆ, ನೆನಪಿನ ಹೊರೆಯನ್ನು ಮಾತ್ರ ಹೆಂಡತಿಗೇ ಬಿಟ್ಟಿದ್ದಾನೆ. ಆಕೆ ಒಂದು ವಾರ ಆಸ್ಪತ್ರೆ ಸೇರಿದರೆ ಮನೆಯೇ ದಿಕ್ಕುತಪ್ಪುತ್ತದೆ. ಕೆಲಸ ಮಾಡುವ ಕೈಗಳಿಗೆ ಕೊರತೆಯಿರುವುದಿಲ್ಲ. ಏನು ಮಾಡಬೇಕೆಂದು ಯಾರಿಗೂ ತಿಳಿದಿರುವುದಿಲ್ಲ.

ಇನ್ನೊಂದು ಕಡೆ ಗಂಡಸಿನ ತಲೆಯಲ್ಲಷ್ಟೇ ಇರುವ ನೆನಪುಗಳೂ ಉಂಟು: ಬ್ಯಾಂಕಿನ ಠೇವಣಿ, ವಿಮೆ, ಕೈಗಡ ಕೊಟ್ಟದ್ದು, ಜಮೀನಿನ ಪತ್ರ ಇಟ್ಟ ಜಾಗ. ಆತ ಹಠಾತ್ತನೆ ತೀರಿಕೊಂಡರೆ ಹೆಂಡತಿ ಮಕ್ಕಳು ಬೀರುವಿನ ಮುಂದೆ ಕಂಗಾಲಾಗಿ ಕೂರುತ್ತಾರೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಗಳೆಂದು 2023ರ ಫೆಬ್ರುವರಿಯ ಹೊತ್ತಿಗೆ ಸರಕಾರಿ ವಲಯದ ಬ್ಯಾಂಕುಗಳು ರಿಸರ್ವ್ ಬ್ಯಾಂಕಿಗೆ ವರ್ಗಾಯಿಸಿದ ಮೊತ್ತ ಸುಮಾರು 35 ಸಾವಿರ ಕೋಟಿ ರೂಪಾಯಿ. ವಾರಸುದಾರರಿಗೆ ಗೊತ್ತೇ ಇಲ್ಲದ ಎಷ್ಟೋ ಸಂಸಾರಗಳ ಬೆವರು ಅದರಲ್ಲಿ ಸೇರಿರಬೇಕು. ಒಂದು ನೋಟ್‌ಬುಕ್ಕಿನ ಎರಡು ಪುಟದಲ್ಲಿ ಎಲ್ಲವನ್ನೂ ಬರೆದು, ಅದು ಎಲ್ಲಿದೆ ಎಂದು ಮನೆಯ ಇಬ್ಬರಿಗೆ ಹೇಳಿಡುವ ರೂಢಿ ಇದ್ದಿದ್ದರೆ ಅವುಗಳಲ್ಲಿ ಕೆಲವಾದರೂ ಸೇರಬೇಕಾದವರನ್ನು ಸೇರುತ್ತಿದ್ದವು.

ಆದ್ದರಿಂದ ಗೋಡೆಗೆ ತೂಗುಹಾಕಿದ ಪಟ್ಟಿ, ಕ್ಯಾಲೆಂಡರಿನ ಗುರುತು, ಮಾತ್ರೆ ಡಬ್ಬಿಗಳ ದೊಡ್ಡ ಲಾಭ ಸಮಯದ ಉಳಿತಾಯವಲ್ಲ. ಒಬ್ಬರ ತಲೆಯಲ್ಲಿದ್ದುದು ಎಲ್ಲರ ಕಣ್ಣೆದುರಿಗೆ ಬರುತ್ತದೆ. ಸೆರಗಿನ ಗಂಟಿಗೆ ಇದ್ದ ಒಂದೇ ಕೊರತೆ ಅದು: ಹಾಕಿಕೊಂಡವಳಿಗೆ ಮಾತ್ರ ಅರ್ಥವಾಗುತ್ತಿತ್ತು.

ರೂಢಿಯಾಗಲು ಎಷ್ಟು ದಿನ?

ಇಪ್ಪತ್ತೊಂದು ದಿನ ಮಾಡಿದರೆ ಯಾವುದೇ ಅಭ್ಯಾಸ ಗಟ್ಟಿಯಾಗುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ, ಈ ಅವಧಿ ನಡುಮಟ್ಟದಲ್ಲಿ 66 ದಿನ ಎಂದು ಕಂಡುಕೊಂಡರು. ಕೆಲಸಕ್ಕೆ ತಕ್ಕಂತೆ 18ರಿಂದ 254 ದಿನಗಳವರೆಗೂ ವ್ಯತ್ಯಾಸವಿತ್ತು. ನಮ್ಮ ಹಿರಿಯರು ವ್ರತಕ್ಕೋ ಔಷಧಿಗೋ 48 ದಿನಗಳ ಮಂಡಲ ಎಂದು ಗೊತ್ತುಮಾಡಿದ್ದರು. ಲಂಡನ್ನಿನ ಲೆಕ್ಕಕ್ಕೆ ಅದು ಇಪ್ಪತ್ತೊಂದಕ್ಕಿಂತ ಹತ್ತಿರ. ಅದೇ ಅಧ್ಯಯನದ ಇನ್ನೊಂದು ಅಂಶ ಸಮಾಧಾನ ತರುವಂಥದು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ನಷ್ಟವೇನೂ ಆಗಲಿಲ್ಲ. ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಕೈಬಿಡುವವರು ಇದನ್ನು ಗಮನಿಸಬೇಕು.

ಹಾಗಾಗಿ ಏಕಕಾಲಕ್ಕೆ ಹತ್ತು ರೂಢಿಗಳನ್ನು ಹಿಡಿಯುವ ಉತ್ಸಾಹ ಬೇಡ. ಮನೆಯಲ್ಲಿ ಪದೇ ಪದೇ ಜಗಳಕ್ಕೆ ಕಾರಣವಾಗುವ ಮರೆವು ಯಾವುದೆಂದು ಮೊದಲು ನೋಡಬೇಕು. ಅದು ಬೀಗದ ಕೈ ಆದರೆ ಒಂದು ಮೊಳೆ, ಮಾತ್ರೆ ಆದರೆ ಒಂದು ಡಬ್ಬಿ, ಗ್ಯಾಸ್ ಆದರೆ ಒಂದು ಮಾತು, ಕಾಗದಪತ್ರ ಆದರೆ ಒಂದು ನೋಟ್‌ಬುಕ್. ಖರ್ಚು ನೂರಿನ್ನೂರು ರೂಪಾಯಿ ದಾಟದು. ಆ ಒಂದು ರೂಢಿ ಮನೆಯವರೆಲ್ಲರ ಕೈಗೆ ಕೂತ ಮೇಲೆ ಎರಡನೆಯದಕ್ಕೆ ಹೋದರಾಯಿತು.